ಪಿಸಿ ಬೀಪ್ ಬೀಪ್ ಅಂತಿದ್ರೆ ಮೊದಲು ಇದನ್ನ ಓದಿ

ಗೆಳೆಯರೇ, ಪಿಸಿ ಯಾಕೆ ಬೀಪ್ ಅನ್ನುತ್ತೆ ಅಂತ ಈ ವಾರ ಮೂವರು ಕೇಳಿದ್ರು, ಅದಕ್ಕೆ ಒಂದೇ ಸಲ ಬರೀತಿದ್ದೀನಿ. ಹಳೇ ಗೇಮಿಂಗ್ ಪಿಸಿ ಬೀಪ್ ಅಂದ ತಕ್ಷಣ ಅಂಗಡಿಗೆ ಹೊತ್ಕೊಂಡು ಓಡ್ಬೇಡಿ. ಎಷ್ಟು ಬೀಪ್, ಉದ್ದವೋ ಗಿಡ್ಡವೋ ಎಣಿಸಿ. ಫೋನಲ್ಲಿ ರೆಕಾರ್ಡ್ ಮಾಡಿ ಇಲ್ಲಿ ಹಾಕಿ.

ಪಿಸಿ ಆನ್ ಮಾಡಿದಾಗ ಮೊದಲು ಓಡೋ ಪ್ರೋಗ್ರಾಂ ಬಯಾಸ್. ಅದು ಅವಾರ್ಡ್ ಕಂಪನಿಯದಾಗಿದ್ರೆ ಒಂದು ಉದ್ದ, ಎರಡು ಗಿಡ್ಡ ಅಂದ್ರೆ ಗ್ರಾಫಿಕ್ಸ್ ಕಾರ್ಡ್ ತಕರಾರು. ಉದ್ದ ಬೀಪ್ ಬಿಡದೆ ಬರ್ತಿದ್ರೆ ಮೆಮೊರಿ ಪಟ್ಟಿ, ಅಂದ್ರೆ ರ್‍ಯಾಮ್. ಎಎಂಐ ಅನ್ನೋ ಇನ್ನೊಂದು ಕಂಪನಿಯ ಬಯಾಸ್ ಲೆಕ್ಕ ಬೇರೆ, ಮದರ್‌ಬೋರ್ಡ್ ಪುಸ್ತಕ ನೋಡಿ. ನನ್ನದು ಹೋದ ತಿಂಗಳು ಹೀಗೇ ಅರಚಿತ್ತು. ಪ್ಲಗ್ ಕಿತ್ತು, ರ್‍ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನ ಮಗಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಟಕ್ ಅನ್ನೋವರೆಗೆ ಒತ್ತಿ ಕೂರಿಸಿದೆ. ಐದು ರೂಪಾಯಿ ರಬ್ಬರಲ್ಲಿ ಕೆಲಸ ಮುಗೀತು! ಅಂಗಡಿಯವನು ಮದರ್‌ಬೋರ್ಡೇ ಹೋಗಿದೆ ಅಂದಿದ್ದ.

ಆಟದ ಮಧ್ಯೆ ಬೀಪ್ ಬಂದ್ರೆ ಬಹುಪಾಲು ಬಿಸಿಯೇ ಕಾರಣ. ಹೀಟ್‌ಸಿಂಕ್ (ಪ್ರೊಸೆಸರ್ ಚಿಪ್‌ನ ಬಿಸಿ ಎಳೆಯೋ ಲೋಹದ ತುಂಡು) ಸಂದಿಯಲ್ಲಿ ಧೂಳು ಹತ್ತಿ ಥರ ಕೂತಿರುತ್ತೆ, ಬ್ರಶ್ ಹಾಕಿ ತೆಗೀರಿ. ಚಿಪ್‌ಗೂ ಅದಕ್ಕೂ ಮಧ್ಯೆ ಹಚ್ಚಿರೋ ಥರ್ಮಲ್ ಪೇಸ್ಟ್ ಒಣಗಿದ್ರೆ ಬದಲಿಸಿ. ಪವರ್ ಸಪ್ಲೈ ಡಬ್ಬಿ ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತರೂ ಒಳಗೆ ಕರೆಂಟ್ ಉಳಿದಿರುತ್ತೆ.

ಅಂದಹಾಗೆ, ಯುಪಿಎಸ್ ಬೀಪ್ ಕೇಳಿ ಇಡೀ ಕ್ಯಾಬಿನೆಟ್ ಬಿಚ್ಚಿದವರೂ ಈ ಗುಂಪಲ್ಲೇ ಇದ್ದಾರೆ, ಹೆಸರು ಹೇಳಲ್ಲ.