ಕೊಲಂಬೋಕ್ಕ ಹೋಗಿ ಬಂದೆ, ಊರವರಿಗೆ ಒಂದ್ ಮಾತ್ ಹೇಳೂದೈತಿ

ಎಲ್ಲಾರಿಗೂ ಶರಣು. ಹೋದ ವಾರ ಕೊಲಂಬೋಕ್ಕ ಹೋಗಿ ಬಂದೆ. ಅಲ್ಲಿ ಪಾರ್ಲಿಮೆಂಟ್ ಹತ್ರ ನಮ್ಮ ಐಪಿಕೆಎಫ್ (ಭಾರತದ ಶಾಂತಿ ಪಾಲನಾ ಪಡೆ) ಸ್ಮಾರಕ ಐತಿ, ಶ್ರೀಲಂಕಾದಾಗ ಜೀವಾ ಕೊಟ್ಟ ಸುಮಾರು 1,200 ಭಾರತೀಯ ಸೈನಿಕರ ಹೆಸರು ಕರೀ ಕಲ್ಲಿನ ಮ್ಯಾಲೆ ಕೆತ್ಯಾರ. ನನ್ನ ಸೆಕ್ಷನ್ನಿನ ಗೆಳೆಯ, ಖಾನಾಪುರ ಕಡೆಯಾವ, ಅವನ ಹೆಸರಿನ ಮ್ಯಾಲೆ ಕೈಯಾಡಿಸಿ ಬಂದೆ. ಕರಕೊಂಡು ಹೋದ ಮಗಳಿಗೂ, ಟಿಕೆಟ್ಟು ವೀಸಾ ಅಂತ ಓಡಾಡಿದ ಮಾಜಿ ಸೈನಿಕ ಗೆಳೆಯರಿಗೂ ಭಾಳ ಥ್ಯಾಂಕ್ಸ್.

ಫೋಟೋ ನೋಡಿದವರು ನಿಮ್ಮ ಸೇವಾ ದೊಡ್ಡದು ಅಂತ ಬರಿಯಾಕತ್ತೀರಿ. ಆದ್ರ ನಾ ಅಲ್ಲಿದ್ದಾಗ ಇಲ್ಲಿ ನಮ್ಮ ಮನಿ ಕಾದವರು ಯಾರು ಅಂತ ಈಗರೆ ಹೇಳಬೇಕು.

ಬೆಳಗಾವಿ ಮರಾಠಾ ಸೆಂಟರಿನಾಗ ತಯಾರಾದ ಸಿಪಾಯಿ ನಾನು. 1987ರ ಜುಲೈದಾಗ ರಾಜೀವ್ ಗಾಂಧಿ, ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಒಪ್ಪಂದ ಆತು, ಶಾಂತಿ ಕಾಯಾಕಂತ ಫೌಜು ಹೋತು, ಅಕ್ಟೋಬರ್ ಬರೂದ್ರಾಗ ಅಲ್ಲಿನ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಜೋಡಿ ಲಡಾಯಿನ ಸುರು, ಅದಕ್ಕ ಆಪರೇಷನ್ ಪವನ್ ಅಂತ ಹೆಸರು. ಜಾಫ್ನಾ ರಸ್ತಾದಾಗ ಮೈನ್ ಹುಗದಿರತಿದ್ರು, ಅದಕ್ಕ ಹೊಲದಾಗ ಹಾದು ನಡೀತಿದ್ವಿ. ಅಲ್ಲೂ ತಂಬಾಕ ಬೆಳೀತಾರ, ಆ ಎಲಿ ನೋಡಿದ್ರ ನಿಪ್ಪಾಣಿ ನೆನಪಾಗಿ ಕಾಲ ಮುಂದ ಹೋಗತಿದ್ದಿಲ್ಲ.

ಅದ ಹೊತ್ತಿಗೆ ಇಲ್ಲಿ ಬೈಲಹೊಂಗಲದ ಎರಿ ಹೊಲದಾಗ ಹಿಂಗಾರಿ ಜೋಳದ ಬಿತ್ತಗಿ. ಮನ್ಯಾಗ ಗಂಡಾಳಿಲ್ಲ, ಅಪ್ಪ ಮೊದಲ ತೀರಿಕೊಂಡಿದ್ದ. ಬಾಜೂ ಹೊಲದ ಕಾಕಾ ತಮ್ಮದು ಬಿಟ್ಟು ಮೊದಲ ನಮ್ಮ ಹೊಲಕ್ಕ ಕೂರಿಗಿ ತಂದು ಬಿತ್ತಿ ಕೊಟ್ರು. ನಮ್ಮ ಮನಿಯಾಕಿಗೆ ಅಪರಾತ್ರಿ ಬ್ಯಾನಿ ಸುರು ಆದಾಗ ಕಾಕಾನ ಹಿರೀ ಮಗ ಟ್ರ್ಯಾಕ್ಟರಿನ ಟ್ರೇಲಿಯೊಳಗ ಹುಲ್ಲು ಹಾಸಿ, ಮ್ಯಾಲೆ ಕೌದಿ ಹಾಸಿ ದವಾಖಾನಿಗೆ ಮುಟ್ಟಿಸಿದ. ಅವತ್ತ ಹುಟ್ಟಿದಾಕಿನ ಈಗ ನನ್ನ ಕೊಲಂಬೋಕ್ಕ ಕರಕೊಂಡು ಹೋದಾಕಿ.

ಇನ್ನ ಮಾಸ್ತರ್ರು. ಅವ್ವಗ ಓದಾಕ ಬರತಿದ್ದಿಲ್ಲ, ದಿನಾ ಸಂಜಿಕೆ ರೇಡಿಯೋ ಮುಂದ ಕುಂಡರತಿದ್ಳಂತ. ನನ್ನ ಪತ್ರ ಬಂತಂದ್ರ ಮಾಸ್ತರ್ರ ಮನಿಗೆ ಬಂದು ಓದಿ ಹೇಳೂದು, ಅಕಿ ಹೇಳಿದ್ದು ಬರದು ಎಪಿಓ (ಫೌಜಿನ ಪೋಸ್ಟ್ ಆಫೀಸ್) ವಿಳಾಸಕ್ಕ ಹಾಕೂದು, ಒಂದ್ ಪೈಸಾ ಮುಟ್ಟಲಿಲ್ಲ. ಆ ಖಾನಾಪುರದ ಗೆಳೆಯ ತೀರಿಕೊಂಡ ವಾರ ತಡಕೊಳ್ಳಾಕ ಆಗದ ಎಲ್ಲಾ ಪತ್ರದಾಗ ಬರದು ಹಾಕಿದ್ದೆ. ಸೂಟಿಗೆ ಬಂದಾಗ ಮಾಸ್ತರ್ರು ನನ್ನ ಬಾಜೂಕ ಕರದು, "ಆ ಸಾಲು ಬಿಟ್ಟ ಓದೇನಪಾ, ತಮ್ಮಾ, ನಿಮ್ಮವ್ವಗ ನೀನೂ ಹೇಳಬ್ಯಾಡ" ಅಂದ್ರು. ಅವ್ವ ಇರೂತನಕ ಅಕಿಗೆ ಗೊತ್ತಾಗಲಿಲ್ಲ.

ಮಾಸ್ತರ್ರ, ಕಾಕಾನ ಮಕ್ಕಳ, ನಿಮ್ಮ ಋಣ ನನ್ನಿಂದ ತೀರೂದಲ್ಲ. ಈ ಐತಾರ ಎಲ್ಲಾರೂ ಮನಿಗೆ ಊಟಕ್ಕ ಬರ್ರಿ, ಹೋಳಿಗಿ ಮಾಡಸಾಕತ್ತೇನಿ. ಮಾಸ್ತರ್ರಿಗೆ ಈಗ ನಡಿಯಾಕ ಆಗೂದಿಲ್ಲ, ನಾನ ಕಾರ್ ತಗೊಂಡು ಬರತೇನ್ರಿ, ತಯಾರಿರ್ರಿ.