ಸಣ್ಣ ಚರ್ಚ್‌ಗೆ ಇಷ್ಟ ಸಾಮಾನ ಸಾಕ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಬೆಳಗಾವಿ ಕಡೆ ಸಣ್ಣ ಸಣ್ಣ ಚರ್ಚ್‌ನವ್ರು ಕಾಣಿಕೆ ರೊಕ್ಕ ಕೂಡಿಸಿ ಸೌಂಡ್ ಸಿಸ್ಟಮ್, ಸ್ಕ್ರೀನ್ ತರಾಕತ್ತಾರ, ಖುಷಿ ಐತ್ರಿ, ಆದ್ರ ಅಂಗಡಿಯವ್ರು ಹೇಳಿದ್ದೆಲ್ಲಾ ತರಬ್ಯಾಡ್ರಿ. ನಮ್ಮಲ್ಲಿ ಅರವತ್ತು ಮಂದಿ ಕೂಡೋ ಹಾಲ್‌ಗೆ 16 ಚಾನೆಲ್ ಮಿಕ್ಸರ್ (ಮೈಕ್, ವಾದ್ಯದ ದನಿ ಕೂಡಿಸಿ ಹೆಚ್ಚು ಕಡಿಮಿ ಮಾಡೋ ಪೆಟ್ಟಿಗಿ) ತಂದ್ವಿ, ಬಳಸೋದು ನಾಲ್ಕ ಚಾನೆಲ್, ಉಳಿದ ಬಟನ್ ಮ್ಯಾಲೆ ಧೂಳ ಕುಂತೈತಿ.

ಮೈಕ್ ತಗೊಳ್ಳುವಾಗ ಡೈನಾಮಿಕ್ ಮೈಕ್ ತಗೊಳ್ರಿ, ಕಂಡೆನ್ಸರ್ ಅನ್ನೋ ಇನ್ನೊಂದು ನಮೂನಿ ಮೈಕ್‌ಗೆ ಹೆಚ್ಚಾಗಿ 48 ವೋಲ್ಟ್ ಫ್ಯಾಂಟಮ್ ಪವರ್, ಅಂದ್ರ ಮೈಕ್ ವಾಯರ್‌ನ್ಯಾಗ ಮಿಕ್ಸರ್ ಕಳಸೋ ಕರೆಂಟು, ಬೇಕಾಗತೈತಿ, ಡೈನಾಮಿಕ್‌ಗೆ ಅದ್ಯಾವ್ದೂ ಬ್ಯಾಡ. ಸ್ಪೀಕರ್ ಹಾಡೋರ ಬೆನ್ನ ಹಿಂದ, ಮೈಕಿನ ಕಡೆ ಮುಖ ಮಾಡಿ ಇಡಲೇಬ್ಯಾಡ್ರಿ, ಕುಂಯ್ ಅಂತ ಕೂಗತೈತಿ. ನಮ್ಮಲ್ಲಿ ಕ್ರಿಸ್ಮಸ್ ದಿನ ಹಂಗ ಆಗಿ ಹಾಡೋ ಸಣ್ಣ ಹುಡುಗಿ ಹೆದರಿ ಅವ್ವನ ಸೆರಗ ಹಿಡದ ಕುಂತಬಿಟ್ಲು, ಎಷ್ಟ ಕರದ್ರೂ ಮತ್ತ ಎದ್ದ ಬರಲಿಲ್ಲ, ಅದು ನನಗ ಇನ್ನೂ ಮನಸಿನ್ಯಾಗ ಚುಚ್ಚತೈತಿ.

ಹಾಡಿನ ಸಾಲು ತೋರಸಾಕ ದೊಡ್ಡ ಟಿವಿನ ಛಲೋ, ಮುಂಜಾನೆ ಕಿಟಕಿ ಬೆಳಕಿಗೆ ಪ್ರೊಜೆಕ್ಟರ್ ಅಕ್ಷರ ಮಾಸತಾವ, ವಯಸ್ಸಾದವ್ರಿಗೆ ಕಾಣೂದಿಲ್ಲ. ಹಾಡಿನ ಸಾಲು ತೋರಸಾಕ ಓಪನ್‌ಎಲ್‌ಪಿ ಅನ್ನೋ ಫ್ರೀ ಸಾಫ್ಟ್‌ವೇರ್ ಐತಿ, ಹಳೇ ಲ್ಯಾಪ್‌ಟಾಪು, ಅದನ್ನ ಟಿವಿಗೆ ಜೋಡಸಾಕ ಒಂದು ಎಚ್‌ಡಿಎಂಐ ವಾಯರ್ ಇದ್ರ ಆತು. ಉಳಿದ ರೊಕ್ಕದಾಗ ಮೊದ್ಲ ಯುಪಿಎಸ್ ತಗೊಳ್ರಿ, ಆಮ್ಯಾಲ ಹುಡುಗ್ರಿಗೆ ಹಾರ್ಮೋನಿಯಂ, ತಬಲಾ ಕಲಸ್ರಿ, ಅದಕ್ಕ ಕರೆಂಟೂ ಬೇಕಾಗೂದಿಲ್ಲ.

ನಿಮ್ಮ ಓದುಗ,
ಬೆಳಗಾವಿ