ಹೊರಗೆ ಹೋಗುವ ಬಾಗಿಲು

ಮೈಸೂರು
ದೀಪಾವಳಿ ಮುಗಿದ ನಾಲ್ಕನೇ ದಿನ

ಪ್ರೀತಿಯ ಪುಟ್ಟಿಗೆ, ಮಾವನ ಆಶೀರ್ವಾದಗಳು.

ಹಬ್ಬಕ್ಕೆ ಬಂದು ಹೋದವನು ಇಷ್ಟು ಬೇಗ ಕಾಗದ ಬರೆಯುತ್ತಿದ್ದಾನಲ್ಲ ಎಂದು ನಿನಗೆ ಆಶ್ಚರ್ಯ ಆಗಬಹುದು. ಅಲ್ಲಿ ಕೇಳಬೇಕಾದ ಒಂದು ಮಾತು ಕೇಳದೇ ಬಂದೆ. ಅಕ್ಕ ಎದುರಿಗೇ ಕೂತಿದ್ದಳು. ನಿನ್ನ ಕೊರಳಲ್ಲಿ ಸರ ಇರಲಿಲ್ಲ. ‘ನಾಯಿಗಳು ಎಳೀತವೆ, ಅದಕ್ಕೇ ಬಿಚ್ಚಿಟ್ಟಿದ್ದೀನಿ’ ಎಂದೆ. ಅಕ್ಕ ನಂಬಿದಳು. ನಾನು 34 ವರ್ಷ ದನದ ಆಸ್ಪತ್ರೆ ಕಾಂಪೌಂಡರು. ‘ನಿನ್ನೆಯಿಂದ ಮೇವು ಬಿಟ್ಟಿದೆ ಸಾರ್’ ಅನ್ನುವವನ ಮುಖ ನೋಡಿಯೇ ನಾಲ್ಕು ದಿನ ಆಗಿದೆ ಎಂದು ಹೇಳುತ್ತಿದ್ದವನು. ಸರ ಅಡವಿಗೆ ಹೋಗಿದೆ, ಅಲ್ವಾ? ಬಹುಶಃ ನಿನ್ನ ಶೆಡ್ಡಿನ ನಾಯಿ ಕೆಂಚನ ಕಾಲಿನ ಆಪರೇಷನ್‌ಗೆ.

ಬೈಯೋದಕ್ಕೆ ಬರೆಯುತ್ತಿಲ್ಲ. ನಾನೂ ಒಂದು ಕಾಲದಲ್ಲಿ ಕ್ವಾರ್ಟರ್ಸ್ ಹಿತ್ತಲಲ್ಲಿ 14 ನಾಯಿ ಇಟ್ಟುಕೊಂಡು, ಔಷಧಿ ಅಂಗಡಿಯವನ ಕಣ್ಣಿಗೆ ಬೀಳದ ಹಾಗೆ ಹಿಂದಿನ ಬೀದಿಯಲ್ಲಿ ಓಡಾಡಿದವನು. ನಿನ್ನ ಅತ್ತೆಯನ್ನು ಕೇಳು, ಇವತ್ತಿಗೂ ಹೇಳಿ ನಗುತ್ತಾಳೆ. ಆಗ ನಗುತ್ತಿರಲಿಲ್ಲ.

ನಿನ್ನ ಶೆಡ್ಡಿನಲ್ಲಿ 23 ನಾಯಿ, 9 ಬೆಕ್ಕು ಎಣಿಸಿದೆ. ನೀನು ಬಾಯಿಮಾತಿಗೆ ಹೇಳಿದ ಖರ್ಚನ್ನು ರೈಲಿನಲ್ಲಿ ಕೂತು ಟಿಕೆಟ್ ಹಿಂದೆ ಬರೆದುಕೊಂಡೆ. ನುಚ್ಚಕ್ಕಿಗೆ 4,500, ಕೋಳಿ ಅಂಗಡಿಗೆ 3,600, ಗ್ಯಾಸಿಗೆ 1,500, ಕೆಲಸದ ಲಕ್ಷ್ಮಮ್ಮನಿಗೆ 6,000, ಔಷಧಿಗೆ ಸುಮಾರು 6,000. ಒಟ್ಟು 21,600. ಅಂದರೆ ತಲೆಗೆ ತಿಂಗಳಿಗೆ 675 ರೂಪಾಯಿ. ಇದರಲ್ಲಿ ಆಪರೇಷನ್ ಇಲ್ಲ, ಆಟೋ ಬಾಡಿಗೆ ಇಲ್ಲ, ಹರಿದುಹೋದ ಜಾಲರಿ ಇಲ್ಲ.

ಈಗ ಬರುವ ದುಡ್ಡು ನೋಡು. ಒಳ್ಳೆಯ ತಿಂಗಳಲ್ಲಿ 30,000 ಬರುತ್ತೆ ಎಂದೆ. ಆ ಲೆಕ್ಕ ನನಗೆ ಬೇಡ. ಆಷಾಢದಲ್ಲಿ ಎಷ್ಟು ಬಂತು ಎಂದು ಕೇಳಿದಾಗ ನಿನ್ನ ಸಂಬಳದಿಂದ ಹಾಕಿದ್ದೂ ಸೇರಿ 13,500 ಎಂದೆಯಲ್ಲ, ಅದು ಬೇಕಾದ ಲೆಕ್ಕ. 13,500ಕ್ಕೆ 20 ತಲೆ. ನಿನ್ನ ಹತ್ತಿರ 32 ಇವೆ. ಆ 12 ತಲೆ ನಿಂತಿರುವುದು ನಿನ್ನ ಸರದ ಮೇಲೆ. ತಲೆ ಕಮ್ಮಿಯಾದರೆ ಲಕ್ಷ್ಮಮ್ಮನ ಸಂಬಳ ಕಮ್ಮಿಯಾಗುತ್ತಾ ಮಾವ ಎಂದು ನೀನು ವಾದ ಹೂಡಬಹುದು. ಇಲ್ಲ, ಆಗಲ್ಲ. ಹಾಗಾಗಿ ನಿಜವಾದ ಲೆಕ್ಕ ಇನ್ನೂ ಕೆಟ್ಟದ್ದು.

ಹಾಗಂತ 12ನ್ನು ಬೀದಿಗೆ ಬಿಸಾಕು ಎನ್ನುತ್ತಿಲ್ಲ. ನನಗೆ ಕಾಡಿದ್ದು ಬೇರೆ. ಶೆಡ್ಡಿಗೆ ಒಳಗೆ ಬರುವ ಬಾಗಿಲು ದೊಡ್ಡದಾಗಿದೆ, ಹೊರಗೆ ಹೋಗುವ ಬಾಗಿಲೇ ಇಲ್ಲ. ಪೇಟೆ ಬೀದಿಯ ಆ ಬಿಳಿ ಹೆಣ್ಣುನಾಯಿಗೆ ಗಾಯ ಮಾಗಿ ಎರಡು ತಿಂಗಳಾಯಿತು. ಇನ್ನೂ ಯಾಕೆ ಒಳಗಿದೆ ಎಂದರೆ, ‘ಅಲ್ಲಿ ಬಿಟ್ಟರೆ ಪಾಪ’ ಎಂದೆ.

ಕಡೂರಿನಲ್ಲಿದ್ದಾಗ ಸಂತೆ ಮೈದಾನದ ಒಂದು ನಾಯಿಯನ್ನು ತಂದಿದ್ದೆ. ಲಾರಿ ತಾಗಿ ಸೊಂಟ ಹೋಗಿತ್ತು. ಮೂರು ತಿಂಗಳಲ್ಲಿ ಸರಿಹೋಯಿತು. ನನಗೂ ಪಾಪ ಎನ್ನಿಸಿ ಮನೆಯಲ್ಲೇ ಇಟ್ಟುಕೊಂಡೆ. ಅದು ಊಟ ಮಾಡುತ್ತಿತ್ತು, ಆದರೆ ಇಡೀ ದಿನ ಗೇಟಿನ ಹತ್ತಿರ ಕೂತು ರಸ್ತೆ ನೋಡುತ್ತಿತ್ತು. ಒಂದು ಸೋಮವಾರ ಸುಮ್ನೆ ಸರಪಣಿ ಹಾಕಿ ಸಂತೆಗೆ ಕರೆದುಕೊಂಡು ಹೋದೆ. ಬೋಂಡಾ ಮಾರುವವನನ್ನು ಕಂಡದ್ದೇ ಅದು ಕುಣಿದ ಕುಣಿತ! ನನ್ನ ಕೈಯಿಂದ ಸರಪಣಿಯೇ ಜಾರಿತು. ಅವನೂ ಬಾಣಲೆ ಬಿಟ್ಟು ಎದ್ದು ಬಂದ. ‘ಎಲ್ಲಿಗೋಗಿದ್ದೆ ಮುಂಡೇದೆ’ ಎಂದು ಬೈಯುತ್ತಾ ಅದರ ತಲೆ ನೇವರಿಸಿದ. ನನ್ನನ್ನು ಯಾರೂ ಕೇಳಲಿಲ್ಲ.

ಊರನಾಯಿಗೆ ಊರಿದೆ. ನಮಗೆ ಬೀದಿ ಅನ್ನಿಸುವುದು ಅದಕ್ಕೆ ಮನೆ. ಸರ್ಕಾರದ ನಿಯಮವೂ ಹೆಚ್ಚುಕಮ್ಮಿ ಇದನ್ನೇ ಹೇಳುತ್ತೆ. ಪ್ರಾಣಿ ಜನನ ನಿಯಂತ್ರಣ ನಿಯಮ 2023ರ ಪ್ರಕಾರ ಸಂತಾನಹರಣ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು. ಬೇರೆ ಬಡಾವಣೆಗೆ ಬಿಟ್ಟರೆ ಅಲ್ಲಿನ ನಾಯಿಗಳು ಹರಿದು ಹಾಕುತ್ತವೆ. ಆ ಬಿಳಿಯದಕ್ಕೆ ಮೊದಲು ಆಪರೇಷನ್ ಮಾಡಿಸು. ಹೆಣ್ಣಿಗೇ ಮೊದಲು. ಬಸಿರು ನಿಂತ 63 ದಿನಕ್ಕೆ ಮರಿ ಹಾಕುತ್ತೆ, ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತೆ. ನಿನ್ನ ಶೆಡ್ಡಿನ ಖರ್ಚು ಇಳಿಸುವ ಒಂದೇ ಔಷಧಿ ಅದು. ಆಮೇಲೆ ಪೇಟೆ ಬೀದಿಯ ಟೀ ಅಂಗಡಿಯವನಿಗೆ ಹೇಳಿ ಅಲ್ಲೇ ಬಿಡು. ವಾರಕ್ಕೊಮ್ಮೆ ಟೀ ಕುಡಿಯುವ ನೆಪದಲ್ಲಿ ಹೋಗಿ ನೋಡಿಕೊಂಡು ಬಾ.

ಕುರುಡು, ಸೊಂಟ ಬಿದ್ದದ್ದು, ಮುದಿಯಾಗಿ ಯಜಮಾನ ಬಿಟ್ಟುಹೋದದ್ದು, ಇವು ನಿನ್ನ ಹತ್ತಿರವೇ ಇರಬೇಕು. ಎಣಿಸಿದೆ, 8 ಇವೆ. ಮರಿಗಳಿಗೆ ಮನೆ ಹುಡುಕಬಹುದು. ಹುಡುಕುವಾಗ ಯಾರು ಕೇಳಿದರೂ ಕೊಡಬೇಡ. ತೋಟದ ಕಾವಲಿಗೆ ಎನ್ನುವವನ ತೋಟಕ್ಕೆ ಒಮ್ಮೆ ಹೋಗಿ ನೋಡು, ಅಲ್ಲಿ ಈಗಾಗಲೇ ಎಷ್ಟು ನಾಯಿ ಎರಡು ಅಡಿ ಸರಪಣಿಯಲ್ಲಿವೆ ಎಂದು.

ಹೊಸದಾಗಿ ಬರುವುದರ ವಿಷಯಕ್ಕೆ ಒಂದು ಕಥೆ ಹೇಳಬೇಕು. ಇದನ್ನು ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. ಆ 14 ನಾಯಿಯ ಕಾಲದಲ್ಲಿ ಒಂದು ಸಂಜೆ ಯಾರೋ ಅಕ್ಕಿ ಚೀಲದಲ್ಲಿ ಒಂದು ಮರಿ ತಂದು ಬಾಗಿಲಲ್ಲಿಟ್ಟರು. ಮಳೆ ಬರುತ್ತಿತ್ತು. ಒಂದು ರಾತ್ರಿ ತಾನೇ ಎಂದು ಉಳಿದ ಮರಿಗಳ ಜೊತೆಗೇ ಬಿಟ್ಟೆ. ಮೂರನೇ ದಿನ ಅದು ರಕ್ತಭೇದಿ ಶುರು ಮಾಡಿತು. ಪಾರ್ವೋ, ಮರಿಗಳನ್ನು ಕೊಲ್ಲುವ ಅಂಟುರೋಗ. ವಾರದೊಳಗೆ ಆರು ಮರಿ ಹೋದವು. ಆಸ್ಪತ್ರೆಯಲ್ಲಿ ದಿನಾ ಊರಿಗೆಲ್ಲಾ ಬುದ್ಧಿ ಹೇಳುವವನು ನಾನೇ! ಕಣ್ಣೀರು ಒಂದು ಕಡೆ, ಡ್ರಿಪ್ಪಿನ ಖರ್ಚು ಒಂದು ಕಡೆ. ಔಷಧಿ ಅಂಗಡಿಯ ಸಾಲ ಹತ್ತಿದ್ದು ಆಗಲೇ.

ಅದಕ್ಕೇ ಶೆಡ್ಡಿನಿಂದ ದೂರ, ಬೋರ್‌ವೆಲ್ ಪಕ್ಕ ಖಾಲಿ ಬಿದ್ದಿರುವ ಕೋಣೆಯನ್ನು ಬರೀ ಹೊಸದಕ್ಕೆ ಇಡು. 14 ದಿನ ಅಲ್ಲೇ. ಅದರ ತಟ್ಟೆ, ಪೊರಕೆ, ನಿನ್ನ ಚಪ್ಪಲಿ, ಎಲ್ಲ ಬೇರೆ. ದಿನವೂ ಹಳೆಯವಕ್ಕೆಲ್ಲ ಮಾಡಿ ಮುಗಿಸಿ, ಕೊನೆಗೆ ಆ ಕೋಣೆಗೆ ಹೋಗು. ಪಾರ್ವೋ ಫಿನಾಯಿಲ್‌ಗೆ ಬಗ್ಗುವುದಿಲ್ಲ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ. ಮೊದಲು ಗಲೀಜು ತೊಳೆದು, ಆಮೇಲೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಸೇರಿಸಿ ಸುರಿದು ಹತ್ತು ನಿಮಿಷ ಬಿಡು. ಮಣ್ಣಿನ ನೆಲ ಇದ್ದರೆ ಇದೆಲ್ಲ ವ್ಯರ್ಥ. ಆ ಕೋಣೆಗೆ ಸಿಮೆಂಟು ಹಾಕಿಸುವ ದುಡ್ಡು ನನ್ನದು.

ಔಷಧಿಯ 6,000 ಇಳಿಸಬಹುದು. ಡಾಕ್ಟರ ಹತ್ತಿರ ಬ್ರ್ಯಾಂಡಿನ ಹೆಸರಲ್ಲ, ಔಷಧಿಯ ಹೆಸರೇ ಬರೆಸಿಕೋ. ಉಣ್ಣೆ ಕಚ್ಚಿ ಬರುವ ಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಮನುಷ್ಯರಿಗೂ ಅದೇ, ನಾಯಿಗೂ ಅದೇ. ಜನೌಷಧಿ ಕೇಂದ್ರದಲ್ಲಿ ಬಹಳ ಕಡಿಮೆಗೆ ಸಿಗುತ್ತೆ. ಹಾಗಂತ ನೀನೇ ಡಾಕ್ಟರಾಗಬೇಡ. ಜ್ವರ ಎಂದು ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಟ್ಟು ಕೊಂದವರನ್ನು ನೋಡಿದ್ದೇನೆ. ಅರ್ಧ ಮಾತ್ರೆ ಸಾಕು ಅದಕ್ಕೆ. ದೊಡ್ಡ ಆಪರೇಷನ್ ಬಂದರೆ ಖಾಸಗಿ ಕ್ಲಿನಿಕ್ಕಿಗೆ ಓಡುವ ಮೊದಲು ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ ಕೇಳು. ಅರಸೀಕೆರೆಯಿಂದ ಏನು ಮಹಾ ದೂರ. ಸೆಪ್ಟೆಂಬರ್ 28 ರೇಬಿಸ್ ದಿನ. ಆ ಸಮಯಕ್ಕೆ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಹಾಕುತ್ತಾರೆ. ಒಂದು ತಿಂಗಳು ಮೊದಲೇ ಹೋಗಿ ನಿನ್ನ ಸಂಖ್ಯೆ ಹೇಳಿ ಬಾ.

ಲಸಿಕೆ ಎಂದಾಗ ನೆನಪಾಯಿತು. ನೀನು ಹಾಕಿಸಿಕೊಂಡಿದ್ದೀಯಾ? ಲಕ್ಷ್ಮಮ್ಮ? ಕಚ್ಚುವ ಮೊದಲೇ ಮೂರು ಸೂಜಿ, 0, 7 ಮತ್ತು 21 ಅಥವಾ 28ನೇ ದಿನ. ಆಮೇಲೆ ಎಂದಾದರೂ ಕಚ್ಚಿದರೆ ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಮತ್ತೆ 0 ಮತ್ತು 3ನೇ ದಿನ ಎರಡು ಸೂಜಿ. ಇದನ್ನು ಮುಂದೂಡಬೇಡ. ರೇಬಿಸ್ ಒಮ್ಮೆ ಕಾಣಿಸಿಕೊಂಡರೆ ಯಾವ ಡಾಕ್ಟರೂ ಏನೂ ಮಾಡಲಾಗದು.

ಊಟದ ಖರ್ಚು ನೀನು ಚೆನ್ನಾಗಿಯೇ ಹಿಡಿದಿದ್ದೀಯ. ಆದರೆ ತೆಂಗಿನ ಸೀಮೆಯಲ್ಲಿ ಕೂತು ಗ್ಯಾಸ್ ಯಾಕೆ ಸುಡುತ್ತೀಯ? ಸೋಗೆ, ಮಟ್ಟೆ ಕೇಳಿದರೆ ಪಕ್ಕದ ತೋಟದವರು ಸಾಗಿಸಿಕೊಂಡು ಹೋದರೆ ಸಾಕು ಎನ್ನುತ್ತಾರೆ. ಕಲ್ಯಾಣ ಮಂಟಪದ ಮಿಕ್ಕಿದ ಅನ್ನ ಬಿಳಿಯದಾದರೆ ಮಾತ್ರ ತಗೋ. ಸಾಂಬಾರು, ಪಲಾವು ಬೇಡ, ಈರುಳ್ಳಿ ನಾಯಿಯ ರಕ್ತವನ್ನೇ ಕೆಡಿಸುತ್ತೆ. ಬೇಯಿಸಿದ ಕೋಳಿಮೂಳೆ ಆರಿಸಿ ತೆಗೆ. ಬೆಕ್ಕಿಗೆ ಬರೀ ಮೊಸರನ್ನ ಹಾಕುತ್ತಿದ್ದೆಯಲ್ಲ, ಮಾಂಸ ಮೀನು ಇಲ್ಲದೆ ಅವುಗಳ ಕಣ್ಣು, ಹೃದಯ ಎರಡೂ ಹೋಗುತ್ತವೆ. ನಮ್ಮ ಮನೆ ಆಚಾರ ನಮಗಿರಲಿ.

ದನ ತಗೋಬೇಡ. ಮೊನ್ನೆ ಯಾರೋ ಗೂಳಿಕರು ತಂದು ಕಟ್ಟುತ್ತೇನೆ ಎಂದಾಗ ನೀನು ಯೋಚಿಸುತ್ತಾ ನಿಂತದ್ದು ಕಂಡೆ. ಬೆಳೆದ ದನಕ್ಕೆ ದಿನಕ್ಕೆ 20 ಕೆ.ಜಿ. ಹಸಿಮೇವು, ಮೇಲೆ ಒಣಹುಲ್ಲು. ನಿನ್ನ ನಾಯಿಗಳ ಅನ್ನ ಅದರ ಬಾಯಿಗೆ ಹೋಗುತ್ತೆ. ಗೋಶಾಲೆ ತೋರಿಸು. ಗಿಳಿ, ಆಮೆ, ಮಂಗ ತಂದರೆ ಅರಣ್ಯ ಇಲಾಖೆಗೆ ಫೋನ್ ಮಾಡು. ದಯೆಯಿಂದ ಇಟ್ಟುಕೊಂಡರೂ 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧವೇ.

ಕೆಲವು ಕಾಯಿಲೆಯಲ್ಲಿ ಸ್ವಲ್ಪ ದುಡ್ಡು ಬಹಳ ಕೆಲಸ ಮಾಡುತ್ತೆ. ಗುಪ್ತಾಂಗದಲ್ಲಿ ಹೂಕೋಸಿನಂಥ ಗಡ್ಡೆಯಾಗಿ ರಕ್ತ ಸುರಿಯುವ ನಾಯಿಯನ್ನು ನೋಡಿ ಜನ ಹೆದರುತ್ತಾರೆ. ಹೆಚ್ಚಿನವು ವಾರಕ್ಕೊಂದರಂತೆ ನಾಲ್ಕಾರು ವಿನ್‌ಕ್ರಿಸ್ಟಿನ್ ಇಂಜೆಕ್ಷನ್‌ಗೆ ಕರಗಿಹೋಗುತ್ತವೆ. ಇನ್ನು ಕೆಲವು ಇವೆ, ಬೆನ್ನು ಮುರಿದು, ಮೂತ್ರ ಕಟ್ಟಿ, ಹುಳ ಬಿದ್ದು, ಹಗಲೂ ರಾತ್ರಿ ಕಿರುಚುವಂಥವು. ಅಲ್ಲಿ ಡಾಕ್ಟರು ‘ಬೇಡಮ್ಮ, ಕಳಿಸಿಬಿಡೋಣ’ ಎಂದರೆ ಕೇಳು. ನೀನು ಸರ ಅಡವಿಟ್ಟರೂ ಅದರ ನೋವೇ ಹದಿನೈದು ದಿನ ಜಾಸ್ತಿ ಆಗೋದು. ಆ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು ತಲೆ ಹಿಡಿದುಕೋ. ನಾನು ಎಷ್ಟೋ ಸಲ ಹಿಡಿದಿದ್ದೇನೆ. ಅಭ್ಯಾಸ ಆಗುವುದಿಲ್ಲ.

ಇನ್ನು ಬೇರೆಯವರ ದುಡ್ಡು. ನಿನ್ನ ಸ್ವಂತ ಫೋನ್ ನಂಬರಿಗೇ ಎಲ್ಲರೂ ಕಳಿಸುತ್ತಿದ್ದಾರೆ. ಸಂಬಳವೂ ಅದೇ ಖಾತೆಗೆ. ಇವತ್ತು ಹೊಗಳುವವರೇ ನಾಳೆ ‘ಆ ಹುಡುಗಿ ಹೊಸ ಸೀರೆ ಉಟ್ಟಿದ್ದಳು’ ಎನ್ನುತ್ತಾರೆ. ಬೇರೆ ಖಾತೆ ಮಾಡು. ಒಂದು ಟ್ರಸ್ಟು ರಿಜಿಸ್ಟರ್ ಮಾಡಿಸೋಣ. ಸಂಘ ಆದರೆ ಕನಿಷ್ಠ 7 ಜನ ಬೇಕು, ಆ ಏಳು ಜನರ ಜಗಳಕ್ಕೆ ಇನ್ನೊಂದು ಶೆಡ್ಡು ಬೇಕಾಗುತ್ತೆ. ಆಮೇಲೆ ಆದಾಯ ತೆರಿಗೆ ಇಲಾಖೆಯ ದೇಣಿಗೆ ಮಾನ್ಯತೆ (ಜನ 80ಜಿ ಎನ್ನುವುದು) ತೆಗೆದುಕೊಂಡರೆ ಕೊಡುವವರಲ್ಲಿ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಸ್ವಲ್ಪ ಉಳಿಯುತ್ತೆ, ಆದರೆ 2,000ಕ್ಕಿಂತ ಜಾಸ್ತಿ ನಗದಾಗಿ ಕೊಟ್ಟರೆ ಆ ಉಳಿತಾಯ ಸಿಗಲ್ಲ. ದೊಡ್ಡಪ್ಪನ ಮಗ ಅಮೆರಿಕದಿಂದ ಕಳಿಸುತ್ತೇನೆ ಎಂದನಲ್ಲ, ಅವನಿಗೆ ಈಗ ಅಲ್ಲಿನ ಪೌರತ್ವ ಇದೆ. ಅವನ ದುಡ್ಡು ವಿದೇಶಿ ದೇಣಿಗೆ, ಅನುಮತಿ ಇಲ್ಲದೆ ಮುಟ್ಟಬಾರದು. ದುಬೈಯಲ್ಲಿರುವ ಅವನ ತಮ್ಮನದು ಇನ್ನೂ ಭಾರತದ ಪಾಸ್‌ಪೋರ್ಟು. ಅವನು ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ತಗೋಬಹುದು.

ಕೆಂಚನ ರಕ್ತಸಿಕ್ತ ಕಾಲಿನ ಫೋಟೋ ಹಾಕಿದಾಗ ಎರಡು ದಿನದಲ್ಲಿ 18,000 ಬಂತು ಎಂದೆ. ಅದು ಕೆಂಚನ ಹೆಸರಿನಲ್ಲಿ ಬಂದ ದುಡ್ಡು. ಅದರಲ್ಲಿ ಅಕ್ಕಿ ತಂದೆ, ಆಮೇಲೆ ಆಪರೇಷನ್‌ಗೆ ಸಾಲದೆ ಸರ ಇಟ್ಟೆ. ಹೌದೋ ಅಲ್ಲವೋ? ಮರುಕಕ್ಕೆ ಬರುವ ದುಡ್ಡು ಒಂದು ಸಲ ಬರುತ್ತೆ, ಅಕ್ಕಿ ದಿನಾ ಬೇಕು. ನಿನ್ನ 11 ಜನ ತಿಂಗಳಿಗೆ 500 ಕೊಡುತ್ತಾರಲ್ಲ, ಅವರು ನಿನ್ನ ಆಸ್ತಿ. ಅವರಿಗೆ ಪ್ರತಿ ತಿಂಗಳು ಒಂದು ಪುಟದ ಲೆಕ್ಕ ಕಳಿಸು. ಸತ್ತದ್ದನ್ನೂ ಬರೆ. ಲೆಕ್ಕ ನೋಡಿದವರು ಇನ್ನೊಬ್ಬರನ್ನು ಕರೆತರುತ್ತಾರೆ. 25 ಜನ ಆಗಲಿ. ಅಲ್ಲಿಯವರೆಗೆ ಗೇಟಿನಲ್ಲಿ ‘ಜಾಗ ಇಲ್ಲ’ ಎಂದು ಹೇಳು. ಹೇಳಿ ಬಾಗಿಲು ಹಾಕಬೇಡ. ತಂದವರಿಗೇ ಔಷಧಿ ಬರೆಸಿಕೊಟ್ಟು, ಅವರ ಮನೆಯ ಮುಂದೆಯೇ ಹತ್ತು ದಿನ ನೋಡಿಕೊಳ್ಳುವುದು ಹೇಗೆಂದು ಹೇಳಿಕೊಡು. ಹತ್ತರಲ್ಲಿ ನಾಲ್ಕು ಜನ ಮಾಡುತ್ತಾರೆ. ಉಳಿದವರು ಬೈಯುತ್ತಾರೆ, ಬೈಯಲಿ.

ಬರುವ ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ. ಅಡವಿನ ಚೀಟಿ, ಔಷಧಿ ಅಂಗಡಿಯ ಬಾಕಿ ಚೀಟಿ ಎರಡೂ ತೆಗೆದಿಡು. ಅಕ್ಕನಿಗೆ ಸಿಮೆಂಟು ಕೆಲಸಕ್ಕೆ ಬರುತ್ತಿದ್ದೇನೆ ಎಂದು ಹೇಳು, ಸುಳ್ಳೇನಲ್ಲ. ಆ ಬಿಳಿ ನಾಯಿಗೆ ಆಪರೇಷನ್ ಆಗಿ ಹೊಲಿಗೆ ಒಣಗಿದ ಮೇಲೆ ಹೇಳು, ಬಿಡುವ ದಿನವೂ ನಾನು ಜೊತೆಗೆ ಬರುತ್ತೇನೆ. ಟೀ ಅಂಗಡಿಯವನು ಏನನ್ನುತ್ತಾನೋ ನನಗೂ ನೋಡಬೇಕು.

ನಿನ್ನ ಮಾವ